ಒಂದು ಬೆರಳು ಆಚೆ ಇಟ್ಟ ಅಯಸ್ಕಾಂತ

ಸಂಶೋಧನಾಲಯದ ಮಾನ್ಯ ನಿರ್ದೇಶಕರೇ,

ನನ್ನ ಅಪ್ಪನನ್ನು ನಿಮ್ಮ ಪ್ರಯೋಗದಿಂದ ಹೊರಗೆ ಹಾಕಿದ್ದೀರಿ. ಕೊಟ್ಟ ಕಾರಣ ಒಂದೇ: ದತ್ತಾಂಶ ಕಲುಷಿತವಾಗಿದೆ. ಪಾರ್ಶ್ವವಾಯು ಬಡಿದು ಮಾತು ಕಳೆದುಕೊಂಡ ಮುದುಕರೊಬ್ಬರು ನಿಮ್ಮ ವಿಜ್ಞಾನವನ್ನು ಕಲುಷಿತಗೊಳಿಸಿದ್ದು ಹೇಗೆಂದು ನಮ್ಮ ಟಿಯಾನ್‌ಜಿನ್ ನಗರದ ಜನರಿಗೂ ತಿಳಿಯಲಿ ಎಂದೇ ಇದನ್ನು ಬಹಿರಂಗವಾಗಿ ಬರೆಯುತ್ತಿದ್ದೇನೆ.

ಅಪ್ಪ ಬಸ್ ಕಂಡಕ್ಟರ್ ಆಗಿದ್ದವರು. ಹತ್ತಿದವರನ್ನು ಛೇಡಿಸದೆ ಟಿಕೆಟ್ ಹರಿದವರಲ್ಲ. ಆ ಬಾಯಿ ಕಳೆದ ಚಳಿಗಾಲದಲ್ಲಿ ನಿಂತುಹೋಯಿತು. ನೀವು ಅವರ ತಲೆಗೆ ತಂತಿಗಳ ಟೋಪಿ ತೊಡಿಸಿ, ಮಣಿಕಟ್ಟಿನ ಮೇಲೆ ಅಯಸ್ಕಾಂತದ ಸುರುಳಿ ಹಿಡಿದಿರಿ. ನಮ್ಮ ವೈದ್ಯರು ಸೂಜಿ ಚುಚ್ಚುವ ಶೆನ್‌ಮೆನ್ ಬಿಂದುವಿಗೆ ಸೂಜಿಯ ಬದಲು ಅಯಸ್ಕಾಂತದ ಮಿಡಿತ ಕೊಟ್ಟರೆ ಮಿದುಳಿನ ಅಲೆಗಳು ಬದಲಾಗುತ್ತವೆಯೇ ಎಂದು ನೋಡುವುದು ನಿಮ್ಮ ಉದ್ದೇಶ. ಕೆಲವರಿಗೆ ಬಿಂದುವಿನ ಮೇಲೆ, ಕೆಲವರಿಗೆ ಹೋಲಿಕೆಗಾಗಿ ಬೇಕೆಂದೇ ಒಂದು ಬೆರಳು ಆಚೆ ಇಡುತ್ತೀರಂತೆ. ಸಹಿ ಹಾಕಿಸಿಕೊಳ್ಳುವಾಗ ಇದನ್ನು ಎಷ್ಟು ಗಡಿಬಿಡಿಯಲ್ಲಿ ಓದಿದಿರೆಂದರೆ ಅಮ್ಮನ ಕಿವಿಗೆ ಅದು ಬೀಳಲೇ ಇಲ್ಲ.

ನಮ್ಮ ಮನೆಯಲ್ಲಿ ಯಾರಿಗೆ ನಿದ್ದೆ ಬಾರದಿದ್ದರೂ ಅಮ್ಮ ಮೊದಲು ಒತ್ತುವುದು ಆ ಬಿಂದುವನ್ನೇ. ಅಪ್ಪನಿಗೆ ನೀವು ಇಡುತ್ತಿದ್ದದ್ದು ಒಂದು ಬೆರಳು ಆಚೆ. ಕಣ್ಣೆದುರು ಜಾಗ ತಪ್ಪಿದರೆ ಅವಳು ಸುಮ್ಮನಿರುತ್ತಾಳೆಯೇ? ನಿಮ್ಮ ಸಹಾಯಕಿ ಯಂತ್ರದ ಕಡೆ ತಿರುಗಿದ ಕೂಡಲೇ ಸುರುಳಿ ಬಿಂದುವಿನ ಮೇಲೇ ಬರುವಂತೆ ಅಪ್ಪನ ಕೈಯನ್ನು ಮೆಲ್ಲಗೆ ಸರಿಸುತ್ತಿದ್ದಳು.

"ಪಾಪ, ಓದಿದ ಹುಡುಗಿ ಕಣೇ. ಜಾಗ ತಪ್ಪಿದೀಯ ಅಂತ ಎಲ್ಲರೆದುರು ಹೇಳಿದ್ರೆ ಅವಳ ಮರ್ಯಾದೆ ಏನಾಗಬೇಕು? ನಾನೇ ಸರಿಮಾಡ್ಕೊಂಡೆ ಬಿಡು," ಎಂದು ನನ್ನ ಹತ್ತಿರ ಹೆಮ್ಮೆಪಟ್ಟಳು.

ಒಂದು ಬೆಳಿಗ್ಗೆ ಅಪ್ಪ ನವಣೆ ಗಂಜಿಯ ಬಟ್ಟಲು ನೋಡಿ, "ಬರೀ... ನೀರು," ಎಂದರು.

"ಕೇಳಿದ್ಯೇನೇ ರುಯಿ? ಬಾಯಿ ಬಂದದ್ದೇ ತಡ, ನನ್ನ ಗಂಜೀಲೇ ತಪ್ಪು ಹುಡುಕ್ತಾನೆ ನೋಡು ಈ ಮುದುಕ!" ಅಮ್ಮ ಬೈಯುತ್ತಲೇ ಅತ್ತಳು.

ಆ ಖುಷಿಯಲ್ಲೇ ನಿಮ್ಮಲ್ಲಿಗೆ ಓಡಿಬಂದು, ಕೈ ಸರಿಸಿದ್ದನ್ನೂ ಹೇಳಿಬಿಟ್ಟಳು. "ಅಜ್ಜೀ, ಎಂಥಾ ಕೆಲ್ಸ ಮಾಡಿದ್ರಿ! ಅದನ್ನ ಬೇಕಂತ್ಲೇ ಅಲ್ಲಿಟ್ಟಿದ್ದು!" ಎಂದು ನಿಮ್ಮ ಸಹಾಯಕಿ ತಲೆ ಹಿಡಿದು ಕುಳಿತಳು. ಅಂದೇ ನಮಗೆ ನಿಮ್ಮ ಬಾಗಿಲು ಮುಚ್ಚಿತು.

ನಿಯಮ ಬೇಕು, ಒಪ್ಪುತ್ತೇನೆ. ಆ ಮಾತನ್ನು ತಂದದ್ದು ಅಯಸ್ಕಾಂತವೋ, ಕಾಲವೋ, ಅಮ್ಮನ ಗಂಜಿಯೋ ನನಗೆ ಗೊತ್ತಿಲ್ಲ. ತಮಗೆ ಗೊತ್ತೇ? ಗೊತ್ತಿಲ್ಲವೆಂದೇ ಅಲ್ಲವೇ ಇಷ್ಟು ದೊಡ್ಡ ಪ್ರಯೋಗ? ಅಂಕಿಗಳನ್ನು ಕಸದ ಬುಟ್ಟಿಗೆ ಹಾಕಿ, ಅಡ್ಡಿಯಿಲ್ಲ. ಅವುಗಳ ಜೊತೆಗೆ ಮನುಷ್ಯನನ್ನೂ ಹಾಕಬೇಕೇ? ಅಂದಿನಿಂದ ಅಪ್ಪ ಮತ್ತೆ ಬಾಯಿ ತೆರೆದಿಲ್ಲ. "ನಾನೇ ಅವ್ರ ಬಾಯಿ ಮುಚ್ಚಿಸ್ದೆ," ಎಂದು ಅಮ್ಮ ಕೊರಗುತ್ತಿದ್ದಾಳೆ. ನನಗೆ ದಿಕ್ಕೇ ತೋಚುತ್ತಿಲ್ಲ.

ನಿಮ್ಮ ಲೆಕ್ಕಕ್ಕೆ ಅಪ್ಪನನ್ನು ಸೇರಿಸಬೇಡಿ. ಪ್ರಯೋಗದ ಹೊರಗಾದರೂ ಸರಿ, ಆ ಸುರುಳಿಯನ್ನು ಸರಿಯಾದ ಜಾಗದಲ್ಲಿ ಇನ್ನಷ್ಟು ದಿನ ಹಿಡಿಸಿ. ಮತ್ತೆ ಕೈ ಹಾಕದಂತೆ ಅಮ್ಮನನ್ನು ನಾನು ಹೊರಗೆ ಬೀದಿಯಲ್ಲೇ ಕೂರಿಸಿಕೊಂಡಿರುತ್ತೇನೆ. ಇವತ್ತಿಗೂ ಬೆಳಿಗ್ಗೆ ಅಪ್ಪ ಊಟದ ಮೇಜಿನ ಮೇಲೆ ಅಂಗೈ ಮೇಲ್ಮುಖ ಮಾಡಿ ಕೈ ಇಟ್ಟು, ಅಮ್ಮ ಸರಿಸುತ್ತಿದ್ದ ಹಾಗೆ ತಾವೇ ಅದನ್ನು ಒಂದು ಬೆರಳು ಪಕ್ಕಕ್ಕೆ ಸರಿಸಿ ಸುರುಳಿಗಾಗಿ ಕಾಯುತ್ತಾರೆ. ಅವರು ಇನ್ನೊಮ್ಮೆ ಬೈದಾರೇನೋ ಎಂದು ಅಮ್ಮ ಬೇಕೆಂದೇ ಗಂಜಿಗೆ ನೀರು ಹೆಚ್ಚು ಹಾಕುತ್ತಾಳೆ.

ಇಂತಿ,
ನಿಮ್ಮ ಅಂಕಿಗಳನ್ನು ಕೆಡಿಸಿದ ಮನೆಯ ಮಗಳು,
ಮ್ಯಾವ್ ರುಯಿ