ನಡುಹೊಳೆಯ ಕೆಂದಾಕಳು

ದಾವಣಗೆರೆ
ಸೋಮವಾರ, ೧೭ ನವೆಂಬರ್ ೨೦೨೫

ಪ್ರೀತಿಯ ಅಂಬಿಕಾ ಅತ್ತಿಗೆಗೆ ಶಾಂತಲಾಳ ನಮಸ್ಕಾರ.

ನಿನ್ನೆ ಹರಿಹರದ ಸಭೆಯಲ್ಲಿ ನೀವು ನಮ್ಮವ್ವ ಕೆಂಚಕ್ಕನ ಪದ ಹಾಡಿದಿರಿ. ಶಾಲು, ಹಾರ, ಫೋಟೊ ಎಲ್ಲ ಆಯಿತು. ಆಮೇಲೆ ನನ್ನ ಹತ್ತಿರ ಬಂದು "ಯಾಕ ಶಾಂತವ್ವ, ಮಕ ಊದಿಸ್ಕಂಡು ಕುಂತೀರಿ? ಉಂಡು ಹೋಗ್ರಿ" ಎಂದಿರಿ. ಬಸ್ಸಿಗೆ ಹೊತ್ತಾಯಿತೆಂದು ಸುಳ್ಳು ಹೇಳಿ ಬಂದೆ. ಹೊಟ್ಟೆ ಉರಿಯುತ್ತಿದ್ದವಳಿಗೆ ಊಟ ಎಲ್ಲಿ ಸೇರೀತು?

ಬುಡಕಟ್ಟಿನವರಿಗೆ ಬರವಣಿಗೆ ಇರಲಿಲ್ಲ, ಆದ್ದರಿಂದ ಚರಿತ್ರೆಯೂ ಇಲ್ಲ ಎಂದು ಸಭೆಯ ಭಾಷಣಕಾರರು ಹೇಳಿದಾಗ ಮೈ ಉರಿಯಿತು. ನಾವು ಮ್ಯಾಸನಾಯಕರು ದನ ಹೊಡೆದುಕೊಂಡು ಎಲ್ಲಿಂದ ಬಂದೆವು, ಯಾವ ಹೊಳೆ ದಾಟಿದೆವು, ದಾರಿಯಲ್ಲಿ ಯಾರನ್ನು ಕಳೆದುಕೊಂಡೆವು, ಎಲ್ಲವೂ ಅವ್ವನ ಬಾಯಲ್ಲಿತ್ತಲ್ಲ, ಅದೇನು? ನನ್ನ ಕಪಾಟಿನ ಯಾವ ಪುಸ್ತಕದಲ್ಲೂ ಅದಿಲ್ಲ. ಎದ್ದು ಕೇಳಬೇಕೆನಿಸಿತು. ಆದರೆ ಆ ಪದದ ಪರವಾಗಿ ಮಾತಾಡಲು ನಾನ್ಯಾರು?

ನಮ್ಮ ಮನೆತನದಲ್ಲಿ ಪದ ಸೊಸೆಗೆ ಸಲ್ಲುತ್ತದೆ, ಮಗಳಿಗಲ್ಲ. ನೀವು ಆನಗೋಡಿಗೆ ಮದುವೆಯಾಗಿ ಬಂದ ವರ್ಷವೇ ಅವ್ವ ನಿಮ್ಮನ್ನು ಕೊಟ್ಟಿಗೆಗೆ ಕರೆದೊಯ್ದು ಕಲಿಸತೊಡಗಿದಳು. ಅಳುತ್ತ ಬೆನ್ನು ಹತ್ತಿದ ನನಗೆ "ನೀ ಹೋಗೋಳು ಕಣವ್ವ, ಪದ ಮನ್ಯಾಗ ಇರ್ಬೇಕು" ಎಂದು ಕೊಟ್ಟಿಗೆಯ ಬಾಗಿಲು ಹಾಕಿಕೊಂಡಳು. ಈಗ ನೋಡಿ, ಮನೆಯಲ್ಲಿರಬೇಕಾದ ಪದ ಅಣ್ಣನ ಕಾರ್ಖಾನೆ ಕೆಲಸದ ಹಿಂದೆ ಹರಿಹರಕ್ಕೆ ಹೋಯಿತು. ಹೋಗುವವಳಾದ ನಾನು ಆನಗೋಡಿನ ಮಗ್ಗುಲಲ್ಲೇ ಇದ್ದೇನೆ.

ನಿಮ್ಮ ದನಿ ಚೆನ್ನಾಗಿದೆ. ಅದಕ್ಕೂ ನನಗೆ ಮತ್ಸರ. ಆದರೆ ನಿನ್ನೆ ಪದದಲ್ಲಿ ಹಿಂಡು ಹೊಳೆ ದಾಟುವಲ್ಲಿ ನೀವು ತುಸು ತಡೆದು, ನೇರ ಆಚೆ ದಡ ಸೇರಿಬಿಟ್ಟಿರಿ. ಹಿಂದುಳಿದ ಕೆಂದಾಕಳಿಗಾಗಿ ಮುದುಕಿ ಮತ್ತೆ ನೀರಿಗಿಳಿಯುವ ಭಾಗವೇ ಬರಲಿಲ್ಲ. ಯಾರಿಗೂ ತಿಳಿಯಲಿಲ್ಲ, ಚಪ್ಪಾಳೆ ಬಿತ್ತು. ನನಗೆ ಖುಷಿಯಾಯಿತು, ಅತ್ತಿಗೆ. ಬಸ್ಸಿನಲ್ಲಿ ಕೂತ ಮೇಲೆ ಮಾತ್ರ ಭಯವಾಯಿತು. ಸಂಕ್ರಾಂತಿ ಕಳೆದ ಮೇಲೆ ನಿಮ್ಮ ಸೊಸೆಗೆ ಕಲಿಸುತ್ತೀರಂತೆ. ನೀವು ಮರೆತದ್ದನ್ನು ಆ ಹುಡುಗಿ ಎಲ್ಲಿಂದ ತಂದಾಳು? ಅಲ್ಲಿಗೆ ಆ ಹಸುವೂ ಮುಳುಗಿತು, ಮುದುಕಿಯೂ ಮುಳುಗಿದಳು.

ಸಿಟ್ಟಾದರೆ ಆಗಿ. ಅಣ್ಣನಿಗೆ ಮಾತ್ರ ಇದನ್ನು ಓದಿ ಹೇಳಬೇಡಿ.

ಇಂತು ನಿಮ್ಮ ನಾದಿನಿ,
ಶಾಂತಲಾ

ಮತ್ತೊಂದು ಮಾತು: ಆ ಕೊಟ್ಟಿಗೆಯ ಬಾಗಿಲ ಹಿಂದೆ ನಿಂತು ಇಡೀ ಪದವನ್ನು ನಾನೂ ಕಲಿತಿದ್ದೇನೆ. ಕೆಂದಾಕಳ ಭಾಗವನ್ನು ಬರೆದು ಕಳಿಸೋಣವೆಂದು ಕೂತೆ. ಕಾಗದದ ಮೇಲೆ ಅದು ಹೆಜ್ಜೆ ಕೀಳಲಿಲ್ಲ, ಬಾಯಿ ಬಿಟ್ಟು ಹಾಡಿದರಷ್ಟೇ ಬರುತ್ತದೆ. ಭಾನುವಾರ ಸೊಸೆಯನ್ನು ಕರೆದುಕೊಂಡು ಬನ್ನಿ. ನಾನು ಒಳಗೆ ಕೂತು ಹಾಡುತ್ತೇನೆ. ನೀವಿಬ್ಬರೂ ಬಾಗಿಲ ಹಿಂದೆ ನಿಂತು ಕೇಳಿ.