ನೀಲಿ ಕೋಳಿಗಳ ಕಪ್ಪು ಮರಿ

ರೀ, ಕೋಳಿ ಪಂಡಿತರೇ,

ನಮ್ಮ ನೀಲಿ ಜೋಡಿಗೆ ಕಪ್ಪು ಮರಿ ಹುಟ್ಟಿದ್ದಕ್ಕೆ ಪಕ್ಕದ ಮನೆ ಟೈಲರಣ್ಣನ ಕರಿ ಹುಂಜವೇ ಕಾರಣ ಅಂತ ನಿನ್ನೆ ಬೀದಿಗೆಲ್ಲ ಕೇಳುವ ಹಾಗೆ ಕೂಗಾಡಿದಿರಲ್ಲ? ಜೋಡಿ ಕೊಟ್ಟವರಿಗೆ ಫೋನ್ ಮಾಡಿ ಕೇಳಿದೆ. ಅಪ್ಪ ಅಮ್ಮ ಇಬ್ಬರೂ ನೀಲಿಯಾದರೆ ಸುಮಾರು ಅರ್ಧ ಮರಿಗಳಷ್ಟೇ ನೀಲಿಯಂತೆ. ಉಳಿದವು ಕಪ್ಪು, ಇಲ್ಲವೇ ಚುಕ್ಕೆಯ ಬಿಳಿ. ಎಲ್ಲವೂ ನೀಲಿಯೇ ಬೇಕಿದ್ದರೆ ಕಪ್ಪಿಗೆ ಚುಕ್ಕೆ ಬಿಳಿಯನ್ನು ಜೋಡಿ ಮಾಡಬೇಕಂತೆ.

ಪಾಪ, ಟೈಲರಣ್ಣ ಆ ಹುಂಜವನ್ನು ಬುಟ್ಟಿಯಡಿ ಕವುಚಿ ಹಾಕಿದ್ದಾರೆ. ನಾನು ಕೆಲಸಕ್ಕೆ ಹೊರಟೆ. ಮರಿಗಳಿಗೆ ನೀರಿಟ್ಟು, ಅವರ ಮನೆಗೆ ಹೋಗಿ "ತಪ್ಪಾಯ್ತು" ಅನ್ನಿ. ಮೀಸೆಯೇನೂ ಮಣ್ಣಾಗಲ್ಲ.

ಅತ್ತೆ ಮಾವ ಇಬ್ಬರೂ ಶಾಂತ ಸ್ವಭಾವದವರು. ಅವರಿಗೂ ನೀವು ಹುಟ್ಟಲಿಲ್ಲವೇ? ಅದಕ್ಕೆಂದು ಮಾವ ಪಕ್ಕದ ಮನೆಯವರ ಮೇಲೆ ಹರಿಹಾಯ್ದರೇ?