ಖಾಲಿ ಕ್ಲಾಸಿಗೆ ಗೊತ್ತಿದ್ದದ್ದು

ಮಾರ್ಚ್ 4, ಮಂಗಳವಾರ

ಮತ್ತೆ ಅದೇ ಕಾಪಿ, ಅದೇ ಪೇಸ್ಟ್. ಈ ಲಿಫ್ಟ್ ಕಂಪನಿಗೆ ಸೇರಿದಾಗಿನಿಂದ ಇದೇ ಪಾಡು. ಬೆಂಕಿ ಅಲಾರಾಂ ಹೊಡೆದರೆ ಲಿಫ್ಟ್ ನೆಲಮಹಡಿಗೆ ಇಳಿದು ಬಾಗಿಲು ತೆರೆದು ನಿಲ್ಲಬೇಕು — ಅಷ್ಟೇ ಪ್ರೋಗ್ರಾಂ. ಜನರ ಲಿಫ್ಟಿಗೊಮ್ಮೆ ಬರೆದೆ, ಸಾಮಾನಿನ ಲಿಫ್ಟಿಗೊಮ್ಮೆ, ಸ್ಟ್ರೆಚರ್ ಲಿಫ್ಟಿಗೊಮ್ಮೆ. ಮೇಷ್ಟ್ರು ಬಂದು ನೋಡಿದಳು. ನಮ್ಮ ಟೀಮಿನ ಮುಖ್ಯಸ್ಥೆ, ನನ್ನ ಮಗಳಿಗಿಂತ ಸ್ವಲ್ಪ ದೊಡ್ಡವಳು. ಮೇಷ್ಟ್ರು ಎಂದು ಹೆಸರಿಟ್ಟವಳು ನಾನೇ.

"ಆಂಟಿ, ಒಂದೇ ಮಾತನ್ನ ಎಷ್ಟು ಸಲ ಹೇಳ್ತೀರಾ? ಇನ್ಹೆರಿಟೆನ್ಸ್ ಅಂತ ಒಂದಿದೆಯಲ್ಲ!"

ಆಂಟಿಯಂತೆ! ಮೈ ಉರಿಯಿತು. ಇನ್ಹೆರಿಟೆನ್ಸ್ ಎಂದರೇನೆಂದು ಹುಡುಕುತ್ತಾ ಕೂತೆ.

ಮಾರ್ಚ್ 6

ಇನ್ಹೆರಿಟೆನ್ಸನ್ನು ವಿವರಿಸುವವರೆಲ್ಲ ಅಪ್ಪನ ಮೂಗು ಮಗನಿಗೆ ಬಂತು ಎನ್ನುತ್ತಾರೆ. ಮಗಳೂ ಫೋನಿನಲ್ಲಿ ಅದನ್ನೇ ಹೇಳಿದಳು. "ನಿನ್ನ ಕೋಪ ನಂಗೆ ಬಂದಿಲ್ವಾಮ್ಮಾ? ಹಾಗೇ." ಬಹಳ ಜಾಣೆ. ಮೂಗು, ಕೋಪ ಎಲ್ಲ ಸರಿ, ಲಿಫ್ಟ್ ಹೇಗೆ ನಿಲ್ಲುತ್ತದೆ? ತಲೆಬುಡ ಅರ್ಥವಾಗಲಿಲ್ಲ.

ಪ್ರೊಬೇಷನ್ ಈ ತಿಂಗಳಿಗೆ ಮುಗಿಯುತ್ತದೆ. ಹೊಸ ಆಸ್ಪತ್ರೆಯ ಲಿಫ್ಟುಗಳ ಪರೀಕ್ಷೆಯಲ್ಲಿ ನನ್ನ ಕೆಲಸ ಪಾಸಾದರೆ ಪರ್ಮನೆಂಟ್. ಇಲ್ಲದಿದ್ದರೆ ಮನೆ. ಮಗಳು ಹುಟ್ಟಿದಾಗ ಬಿಟ್ಟ ಕೆಲಸ, ಇಷ್ಟು ವರ್ಷಗಳ ಮೇಲೆ ಸಿಕ್ಕಿದೆ. ಮತ್ತೆ ಮನೆಯಲ್ಲಿ ಕೂರಲಾರೆ. ಸತ್ತರೂ ಇಲ್ಲ.

ಮಾರ್ಚ್ 11, ಮಧ್ಯಾಹ್ನ

ಈಗಲೇ ಬರೆದುಬಿಡುತ್ತೇನೆ.

"ಲಿಫ್ಟ್" ಎಂದು ಒಂದು ತಾಯಿ ಕ್ಲಾಸ್, ಅಂದರೆ ಪ್ರೋಗ್ರಾಂನ ಅಚ್ಚು, ಮಾಡಿದೆ. ಬೆಂಕಿಯ ಸಾಲುಗಳನ್ನು ಅದರಲ್ಲಿಟ್ಟೆ. ಮೂರೂ ಲಿಫ್ಟುಗಳ ಕ್ಲಾಸುಗಳಿಂದ ಅವನ್ನು ಅಳಿಸಿದೆ. ಪ್ರತಿಯೊಂದರ ತಲೆಯ ಮೇಲೆ, ಇದು ಲಿಫ್ಟಿನ ಮಗು ಎಂದಷ್ಟೇ ಬರೆದೆ. ಓಡಿಸಿದೆ. ಸ್ಕ್ರೀನಿನಲ್ಲಿ ಎಲ್ಲವೂ ಇಳಿದವು. ಎಲ್ಲವೂ ಬಾಗಿಲು ತೆರೆದವು!

ನಂಬಿಕೆಯಾಗಲಿಲ್ಲ. ಇಳಿಯುವಾಗ ಗಂಟೆ ಬಾರಿಸು ಎಂದು ತಾಯಿಯಲ್ಲಿ ಒಂದು ಸಾಲು ಸೇರಿಸಿದೆ. ಎಲ್ಲವೂ ಬಾರಿಸಿದವು. ಮೂಗಿನ ಕತೆ ಶುದ್ಧ ಸುಳ್ಳು. ಮಗಳು ಹುಟ್ಟಿದ ಮೇಲೆ ನಾನು ಕಲಿತದ್ದು ಅವಳಿಗೆ ತಾನಾಗಿ ಹೋಗಲಿಲ್ಲ. ಇಲ್ಲಿ ತಾಯಿ ಇವತ್ತು ಕಲಿತರೆ ಮಕ್ಕಳಿಗೆ ಇವತ್ತೇ ಗೊತ್ತು. ಸುಮ್ಮನೆ ಇನ್ನೂ ನಾಲ್ಕು ಸಲ ಓಡಿಸಿದೆ.

ಮಾರ್ಚ್ 18

ಮುಗಿಯಿತು ನನ್ನ ಕತೆ. ಆಸ್ಪತ್ರೆಯಲ್ಲಿ ರಿಹರ್ಸಲ್. ಎಲ್ಲ ಲಿಫ್ಟುಗಳೂ ತೆರೆದವು, ಸ್ಟ್ರೆಚರ್ ಲಿಫ್ಟೊಂದನ್ನು ಬಿಟ್ಟು. ಇಳಿದು, ಬಾಗಿಲು ಮುಚ್ಚಿಕೊಂಡೇ ನಿಂತಿತು. ಒಳಗೆ ಫಿಟ್ಟರ್ ಇದ್ದ.

"ಅಕ್ಕಾ, ನಾನು ಇಲ್ಲೇ ಸಂಸಾರ ಹೂಡ್ಲಾ?" ಎಂದು ಕೂಗಿದ.

ಎಲ್ಲರೂ ನಕ್ಕರು. ನನಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ಒಳಗೆ ರೋಗಿ ಇದ್ದಿದ್ದರೆ?

ಮಾರ್ಚ್ 19

ಸಿಕ್ಕಿತು! ಅವತ್ತು ಎಲ್ಲ ಸರಿಯಾಗಿ ಓಡಿದ ಮೇಲೆ, ರೋಗಿ ಕುಲುಕಾಡಬಾರದೆಂದು ಸ್ಟ್ರೆಚರ್ ಲಿಫ್ಟಿಗೆ ನಿಧಾನವಾಗಿ ಇಳಿಯುವುದನ್ನು ಬೇರೆಯಾಗಿ ಬರೆದಿದ್ದೆ. ಬಾಗಿಲನ್ನು ತಾಯಿ ನೋಡಿಕೊಳ್ಳುತ್ತಾಳೆ ಎಂದುಕೊಂಡಿದ್ದೆ. ನೋಡಿಕೊಳ್ಳುವುದಿಲ್ಲ. ಮಗು ತನ್ನದೇ ಬರೆದುಕೊಂಡರೆ ತಾಯಿಯ ಮಾತು ಅಲ್ಲಿಗೆ ಮುಗಿಯಿತು.

"ತಾಯೀನ ಕರೀಲೇ ಇಲ್ವಲ್ಲ ಆಂಟಿ," ಎಂದಳು ಮೇಷ್ಟ್ರು. ಬೈಯಲಿಲ್ಲ, ಕಾಫಿ ತಂದುಕೊಟ್ಟಳು.

ಕೊನೆಯಲ್ಲಿ ತಾಯಿಯನ್ನು ಕರೆಯುವ ಒಂದೇ ಸಾಲು ಸೇರಿಸಿದೆ; ಪ್ರೋಗ್ರಾಂನಲ್ಲಿ ತಾಯಿಯನ್ನು 'ಸೂಪರ್' ಎಂದು ಕರೆಯಬೇಕು. ಬಾಗಿಲು ತೆರೆಯಿತು. ಒಂದೇ ಒಂದು ಸಾಲು...

ಮಾರ್ಚ್ 27, ಸಂಜೆ

ಆಸ್ಪತ್ರೆಯ ಪರೀಕ್ಷೆ. ಊಟದ ಗಾಡಿಗಳಿಗೆಂದು ಹೊಸದೊಂದು ಲಿಫ್ಟ್ ಬಂದಿತ್ತು. ನನಗೆ ಯಾರೂ ಹೇಳಿರಲಿಲ್ಲ. ಅಗ್ನಿಶಾಮಕ ಅಧಿಕಾರಿ ಬೆರಳು ತೋರಿಸಿದ್ದು ಅದನ್ನೇ. "ನೀವೇ ಹತ್ತಿ ಮೇಡಂ."

ಮೇಷ್ಟ್ರ ಕಿವಿಯಲ್ಲಿ ಕೇಳಿದೆ, ಇದರ ಕ್ಲಾಸಿನಲ್ಲಿ ಏನಿದೆ?

"ಏನೂ ಇಲ್ಲ ಆಂಟಿ. ಹೆಸರೊಂದೇ. ಲಿಫ್ಟಿನ ಮಗು ಅಂತ ಬರ್ದು ಬಿಟ್ಟಿದ್ದೀನಿ."

ಖಾಲಿ! ಹತ್ತಿದೆ.

ಅಲಾರಾಂ ಹೊಡೆಯಿತು. ಇಳಿಯಿತು. ನಿಂತಿತು. ಒಂದು ಕ್ಷಣ ಏನೂ ಇಲ್ಲ — ದೇವರೇ! — ಬಾಗಿಲು ತೆರೆಯಿತು.

ಅಧಿಕಾರಿ ಸಹಿ ಹಾಕಿದರು. ಮೇಷ್ಟ್ರು ಕೈ ಹಿಡಿದು "ಪರ್ಮನೆಂಟ್ ಆಂಟಿ!" ಎಂದಳು. ಅಲ್ಲೇ, ಎಲ್ಲರೆದುರು ಅತ್ತುಬಿಟ್ಟೆ. ಕೆಲಸ ಉಳಿಯಿತಲ್ಲ ಎಂದು ಅತ್ತೆನೆಂದುಕೊಂಡರು. ಅದೂ ಹೌದು. ಆದರೆ ಆ ಲಿಫ್ಟನ್ನು ನಾನು ಕಂಡೇ ಇರಲಿಲ್ಲ. ಅದರ ಹೊಟ್ಟೆಯಲ್ಲಿ ಒಂದಕ್ಷರ ಇರಲಿಲ್ಲ. ಆದರೂ ಬಾಗಿಲು ತೆರೆಯುವುದು ಗೊತ್ತಿತ್ತು. ಮುಂದೆ ಯಾರೋ ಇನ್ನೊಂದು ಲಿಫ್ಟಿನ ಕ್ಲಾಸ್ ಬರೆಯುತ್ತಾರೆ, ನಾನು ಇಲ್ಲಿ ಇಲ್ಲದಾಗ, ನಾನು ಯಾರೆಂದೇ ಗೊತ್ತಿಲ್ಲದವರು... ಅದಕ್ಕೂ —